ಸತ್ತವನು ಕಳಿಸಿದ ಐವತ್ತು ರೂಪಾಯಿ

"ಮುಟ್ಟಬ್ಯಾಡಿ. ನೋಡಿ, ಸಾಕು."

ಚನ್ನಬಸವಯ್ಯ ಕಬ್ಬಿಣದ ಪೆಟ್ಟಿಗೆಯಿಂದ ತೆಗೆದ ಚೀಟಿಯನ್ನು ಮೇಜಿನ ಮೇಲಿಟ್ಟು ಅದರ ಎರಡು ಅಂಚನ್ನೂ ಬೆರಳಿನಿಂದ ಒತ್ತಿ ಹಿಡಿದ. ಅರಸೀಕೆರೆಯ ಅವನ ಕೊಬ್ಬರಿ ಮಂಡಿಯಲ್ಲಿ ಬೆಳಗಿನ ತೂಕ ನಡೆದಿತ್ತು. ಹೊರಗೆ ಹಮಾಲರ ಕೂಗು, ಒಳಗೆ ಕೊಬ್ಬರಿಯ ಕಮಟು.

ಸುಂದರರಾಜ ಕನ್ನಡಕವನ್ನು ಪಂಚೆಯ ತುದಿಗೆ ಒರೆಸಿಕೊಂಡು ಬಗ್ಗಿದ.

ಅಂಗೈ ಅಗಲದ ಮನಿಯಾರ್ಡರ್ ಕೂಪನ್ನು. ಹಣ ತಲುಪಿಸಿದ ಮೇಲೆ ಅಂಚೆಯವನು ಫಾರಮ್ಮಿನಿಂದ ಹರಿದು ಕೊಟ್ಟುಹೋಗುವ ತುಂಡು. ಅದರ ಮೇಲೆ ನೀಲಿ ಶಾಯಿಯಲ್ಲಿ ನಾಲ್ಕು ಸಾಲು.

'ಚನ್ನಬಸವಯ್ಯನವರಿಗೆ. ಆರು ಸಾವಿರದ ಪ್ರೋನೋಟಿನ ಬಾಬ್ತು ಐವತ್ತು ರೂಪಾಯಿ ಕಳಿಸಿದ್ದೇನೆ. ಜಮಾ ಮಾಡಿಕೊಳ್ಳುವುದು. ಉಳಿದದ್ದನ್ನು ತೀರಿಸುತ್ತೇನೆ. ಎಚ್. ಎಂ. ಗಂಗಾಧರಪ್ಪ.'

ಪಕ್ಕದಲ್ಲಿ ಹರಿಹರದ ಅಂಚೆ ಮುದ್ರೆ. ತಾರೀಕು ೪ನೇ ಮಾರ್ಚಿ ೧೯೫೮.

ಸುಂದರರಾಜ ತಾರೀಕನ್ನು ಎರಡು ಸಲ ಓದಿದ. ಹಳೇಬೀಡಿನ ಬಸ್ ಮಾಲೀಕ ಗಂಗಾಧರಪ್ಪನ ಹೆಣ ಅರಸೀಕೆರೆ ಸ್ಟೇಷನ್ನಿನಾಚೆ ರೈಲು ಹಳಿಯ ಮೇಲೆ ಸಿಕ್ಕಿದ್ದು ಐವತ್ತೇಳರ ನವೆಂಬರಿನಲ್ಲಿ. ಮಣ್ಣು ಮಾಡಿ ಮೂರು ತಿಂಗಳು ದಾಟಿದ ಮೇಲೆ ಆತ ಸಾಲದ ಕಂತು ಕಟ್ಟಿದ್ದ.

"ಏನು ಅಯ್ಯಂಗಾರ್ರೇ, ಮಾತೇ ನಿಂತೋಯ್ತಲ್ಲ?"

ಮಾತು ನಿಂತಿರಲಿಲ್ಲ, ಹುಡುಕುತ್ತಿತ್ತು. ಸುಂದರರಾಜ ಬೇಲೂರಿನವನು. ಹದಿನಾಲ್ಕು ವರ್ಷ ಕೋರ್ಟಿನ ಅಮೀನನಾಗಿ ಊರೂರು ತಿರುಗಿ ಮನೆಮಠ ಜಪ್ತಿ ಮಾಡಿದವನು. ಅದು ಸಾಕಾಗಿ ಈಗ ಹಾಸನದ ವಕೀಲರೊಬ್ಬರ ಬಳಿ ಗುಮಾಸ್ತೆಯಾಗಿದ್ದ. ಗಂಗಾಧರಪ್ಪನ ಹೆಂಡತಿ ದ್ರಾಕ್ಷಾಯಣಿಯ ಮೇಲೆ ಚನ್ನಬಸವಯ್ಯ ಹೂಡಿದ್ದ ದಾವಾದಲ್ಲಿ ಆಕೆಯ ಪರ ಇದ್ದವರು ಆ ವಕೀಲರೇ. ಕಾಗದ ಸುಂದರರಾಜನ ಕೈಗೆ ಬಂದಾಗ ಸುಲಭದ ಕೇಸು ಅಂದುಕೊಂಡಿದ್ದ. ಪ್ರೋನೋಟು, ಅಂದರೆ ಸಾಲಪತ್ರ, ಬರೆದದ್ದು ಐವತ್ತೈದರ ಮಾರ್ಚಿ ಹತ್ತು. ಮೂರು ವರ್ಷದೊಳಗೆ ದಾವಾ ಹಾಕದಿದ್ದರೆ ಸಾಲ ಕೋರ್ಟಿನ ಲೆಕ್ಕಕ್ಕೆ ಸತ್ತ ಹಾಗೆ. ಚನ್ನಬಸವಯ್ಯ ಹಾಕಿದ್ದು ಅರವತ್ತರ ಜನವರಿಯಲ್ಲಿ.

ಆದರೆ ಆ ಮೂರು ವರ್ಷದೊಳಗೆ ಸಾಲಗಾರ ಸ್ವಂತ ಕೈಯಲ್ಲಿ ಒಪ್ಪಿ ಬರೆದು ಒಂದು ರೂಪಾಯಿ ಕಟ್ಟಿದರೂ ಗಡುವು ಹೊಸದಾಗಿ ಶುರು. ಈ ಚೀಟಿಗೆ ಮುದ್ರೆ ಬಿದ್ದ ದಿನ, ನೋಟು ಸಾಯಲು ಬಾಕಿ ಇದ್ದದ್ದು ಆರೇ ದಿನ.

"ಯಜಮಾನ್ರೇ," ಎಂದ ಸುಂದರರಾಜ ನೆಟ್ಟಗಾಗುತ್ತ, "ಹರಿಹರಕ್ಕೆ ಯಾರನ್ನ ಕಳಿಸಿದ್ರಿ?"

"ಅಂದ್ರೆ?"

"ಐವತ್ತು ಖರ್ಚು ಮಾಡಿ ಆರು ಸಾವಿರ ಉಳಿಸಿಕೊಂಡ್ರಿ. ಬರೆದೋನು ಯಾರು? ನಿಮ್ಮ ಆಳು ಕೆಂಚಪ್ಪನೋ?"

ಚನ್ನಬಸವಯ್ಯ ಕೋಪಗೊಳ್ಳಲಿಲ್ಲ. ಅದೇ ಸುಂದರರಾಜನಿಗೆ ಹಿಡಿಸಲಿಲ್ಲ. ಹದಿನಾಲ್ಕು ವರ್ಷದಲ್ಲಿ ಸುಳ್ಳು ಹೇಳುವವರೆಲ್ಲ ಮೊದಲು ಕೂಗಾಡುವುದನ್ನೇ ಕಂಡಿದ್ದ.

"ಕೂತ್ಕಳಿ," ಎಂದ ಚನ್ನಬಸವಯ್ಯ. "ನಾನು ನಲವತ್ತು ವರ್ಷದಿಂದ ಲೇವಾದೇವಿ ಮಾಡ್ತಾ ಇವ್ನಿ. ಚೀಟಿ ಹುಟ್ಟಿಸಬೇಕು ಅಂದಿದ್ರೆ, ಅವನು ಬದುಕಿದ್ದಾಗಿನ ತಾರೀಕು ಹಾಕಿ, ನೋಟಿನ ಹಿಂದುಗಡೆ ಎರಡು ಸಾಲು ಗೀಚಿಸ್ತಿದ್ದೆ. ಹೂತು ಹಾಕಿದ ಮೇಲಿನ ತಾರೀಕು, ಅದೂ ಸರ್ಕಾರದ ಮುದ್ರೆ ಒತ್ತಿಸಿ ಯಾಕೆ ಹುಟ್ಟಿಸ್ಲಿ? ನಾನೇನು ದಡ್ಡನಾ?"

ಸುಂದರರಾಜನ ಕಾಲು ಮೇಜಿನಡಿ ತಾನಾಗಿ ಕುಣಿಯತೊಡಗಿತು. ಇದು ಅವನಿಗೇ ಹೊಳೆಯಬೇಕಾಗಿದ್ದ ಮಾತು.

"ಹಾಗಾದ್ರೆ ಗಂಗಾಧರಪ್ಪ ಬದುಕಿದ್ದಾನೆ ಅಂತೀರಿ."

"ನಾನು ಏನೂ ಅನ್ನಲ್ಲ. ಅಂಚೆಯೋನು ತಂದ, ಸೈನು ಹಾಕಿ ಇಸ್ಕೊಂಡೆ."

"ಬದುಕಿದ್ರೆ ಹೆಂಡತಿ ಮೇಲೆ ಹಾಕಿರೋ ದಾವಾ ನಿಲ್ಲಲ್ಲ. ಗಂಡ ಸತ್ತು, ಅವನ ಆಸ್ತಿ ಕೈಗೆ ಬಂದಿದ್ರೆ ತಾನೆ ಆಕೆ ಹೊಣೆ? ಅದೂ ಬಂದಷ್ಟಕ್ಕೆ ಮಾತ್ರ."

"ಅವನ ಮೇಲೇ ಹಾಕ್ತೀನಿ ಬುಡಿ. ಮನೆ ಅವನದೇ ಅಲ್ವಾ?"

ಎರಡು ಕಡೆಯಿಂದಲೂ ಬಾಗಿಲು ಮುಚ್ಚಿತ್ತು.

"ಎರಡು ವರ್ಷ ಈ ಚೀಟಿ ಪೆಟ್ಟಿಗೇಲಿಟ್ಟು ಸುಮ್ಮನಿದ್ರಲ್ಲ, ಪೊಲೀಸರಿಗೆ ಯಾಕೆ ಹೇಳಲಿಲ್ಲ?"

ಮೊದಲ ಬಾರಿಗೆ ಚನ್ನಬಸವಯ್ಯನ ಕಣ್ಣು ಬಾಗಿಲ ಕಡೆ ಹೋಯಿತು. ದನಿ ಇಳಿಯಿತು.

"ಏನಂತ ಹೇಳ್ಲಿ ಸ್ವಾಮಿ? ಅವನ ಮಣ್ಣಿಗೆ ನಾನೂ ಹೋಗಿದ್ದೆ. ಹಿಡಿ ಮಣ್ಣು ಹಾಕಿ ಬಂದೆ. ಆಮೇಲೆ ಒಂದಿನ ಅವನ ಬರವಣಿಗೇಲೇ ದುಡ್ಡು ಬಂತು. ಮೂರು ದಿನ ಊಟ ಸೇರ್ಲಿಲ್ಲ. ಉಳಿದದ್ದು ತೀರಿಸ್ತೀನಿ ಅಂತ ಬರೆದವ್ನೆ, ಬರುತ್ತೇನೋ ಅಂತ ಕಾದೆ. ಬರ್ಲಿಲ್ಲ. ದಾವಾ ಸತ್ತೋನ ಮೇಲೆ ಹಾಕ್ಲಾ, ಬದುಕಿರೋನ ಮೇಲೆ ಹಾಕ್ಲಾ? ನೀವೇ ಹೇಳಿ."

"ಇದನ್ನ ಯಾರ್ಯಾರು ನೋಡಿದ್ದಾರೆ?"

"ನಾನು, ನನ್ನ ವಕೀಲರು. ಮೂರನೇವ್ರು ನೀವು. ಮನೆಯೋಳಿಗೂ ತೋರ್ಸಿಲ್ಲ." ಅವನು ಚೀಟಿಯನ್ನು ಮಡಿಸದೆ ಹಾಗೆಯೇ ಲಕೋಟೆಯೊಳಗೆ ಜಾರಿಸಿದ. "ಸೋಮವಾರ ಕೋರ್ಟಲ್ಲಿ ಇಡ್ತೀನಿ. ಆ ಯಮ್ಮ ನೋಡ್ಲಿ. ಇದು ನನ್ನ ಗಂಡನ ಬರಹ ಅಲ್ಲ ಅಂತ ಪ್ರಮಾಣ ಮಾಡಿ ಹೇಳಿದ್ರೆ ನಾನು ಸೋತೆ. ಮನೆ ಅವರಿಗೇ ಇರ್ಲಿ."

"ಸರಿ. ಅಲ್ಲೀತನಕ ಕೆಂಚಪ್ಪನನ್ನ ಅವರ ಜಗಲಿಯಿಂದ ಎಬ್ಬಿಸಿ. ದಾವಾ ಹಾಕೋ ಹಕ್ಕು ನಿಮಗಿದೆ. ಒಂಟಿ ಹೆಂಗಸಿನ ಬಾಗಿಲಲ್ಲಿ ಬೆಳಗಿಂದ ಸಂಜೇವರೆಗೆ ಆಳು ಕೂರಿಸೋ ಹಕ್ಕು ಯಾವ ಕಾನೂನಲ್ಲೂ ಇಲ್ಲ."

ಚನ್ನಬಸವಯ್ಯ ಲಕೋಟೆಯನ್ನು ಪೆಟ್ಟಿಗೆಯೊಳಗಿಟ್ಟ. ಪೆಟ್ಟಿಗೆಗೆ ಬೀಗ ಹಾಕಿ, ಹಾಕಿದ್ದನ್ನು ಮತ್ತೊಮ್ಮೆ ಎಳೆದು ನೋಡಿದ.

ಮಂಡಿಯಿಂದ ಹೊರಬಿದ್ದಾಗಲೂ ಸುಂದರರಾಜನ ಕಣ್ಣಿಗೆ ಆ ನೀಲಿ ಸಾಲುಗಳೇ ಕಟ್ಟಿದ್ದವು. ಅಕ್ಷರ ದುಂಡಗಿದ್ದವು, ಸ್ಪಷ್ಟವಾಗಿದ್ದವು. ಆದರೆ ಪ್ರತಿ ಸಾಲಿನ ಮೇಲೂ ಶಾಯಿ ಎಡದಿಂದ ಬಲಕ್ಕೆ ಒರೆಸಿಕೊಂಡು ಹೋಗಿತ್ತು. ಬರೆದ ಕೈಯೇ ಬರೆದದ್ದನ್ನು ಉಜ್ಜಿಕೊಂಡು ಸಾಗಿದ ಹಾಗೆ.

ಬಸ್ ರಿಪೇರಿ ಮಾಡುವ ಕಲ್ಲೇಶಪ್ಪನ ಷೆಡ್ಡು ರೈಲ್ವೆ ಗೂಡ್ಸ್ ಷೆಡ್ಡಿನ ಹಿಂಬದಿ. ಗಂಗಾಧರಪ್ಪನ ಬಸ್ಸು ಅಲ್ಲೇ ನಿಂತಿತ್ತು, ಮುಂದಿನ ಎರಡು ಚಕ್ರ ಬಿಚ್ಚಿ, ಇಟ್ಟಿಗೆಗಳ ಮೇಲೆ. ಅರಸೀಕೆರೆ, ಜಾವಗಲ್ಲು, ಹಳೇಬೀಡು, ಬೇಲೂರು ಎಂದು ಬರೆದಿದ್ದ ಹಲಗೆ ಇನ್ನೂ ನೆತ್ತಿಯ ಮೇಲಿತ್ತು.

"ನೀವೂ ಬಸ್ಸಿಗೇ ಬಂದ್ರಾ ಸ್ವಾಮಿ?" ಕಲ್ಲೇಶಪ್ಪ ಎಣ್ಣೆಗೈಯನ್ನು ಗೋಣಿಗೆ ಒರೆಸುತ್ತ ದಾರಿಗಡ್ಡವಾಗಿ ನಿಂತ. "ಹೋದ ವಾರ ಅಮೀನ್ರು ಬಂದಿದ್ರು. ಮಂಡಿ ಚನ್ನಬಸವಯ್ಯಂದು ತೀರ್ಪಿಗೆ ಮುಂಚಿನ ಜಪ್ತಿ ಅಂತ. ನಾನೂರ ಹನ್ನೆರಡು ರೂಪಾಯಿ ರಿಪೇರಿ ಕೂಲಿ ಬರಬೇಕು. ಅದು ಬರೋಗಂಟ ದೇವರೇ ಬಂದ್ರೂ ಗಾಡಿ ಬುಡಲ್ಲ."

"ಬಿಡಬೇಡಿ," ಎಂದ ಸುಂದರರಾಜ. "ರಿಪೇರಿ ಮಾಡಿದೋನಿಗೆ ಕೂಲಿ ಬರೋವರೆಗೂ ಗಾಡಿ ತಡೆಹಿಡಿಯೋ ಹಕ್ಕಿದೆ. ಓಡಿಸೋ ಹಕ್ಕಿಲ್ಲ, ಮಾರೋ ಹಕ್ಕಿಲ್ಲ, ಹಿಡಿದಿಟ್ಟುಕೊಳ್ಳೋ ಹಕ್ಕಿದೆ. ಅಮೀನನಿಗೆ ಹಾಗೇ ಬರೆದು ಕೊಡಿ."

ಕಲ್ಲೇಶಪ್ಪನ ಭುಜ ಸಡಿಲವಾಯಿತು. ಇಷ್ಟು ದಿನ ಬಂದವರೆಲ್ಲ ಹೆದರಿಸಿ ಹೋಗಿದ್ದರು. ಅವನೇ ಪೆಟ್ಟಿಗೆ ಎಳೆದು ಕೂರಲು ಕೊಟ್ಟ.

"ಒಂದು ಕೇಳ್ತೀನಿ, ಕಲ್ಲೇಶಪ್ಪ. ಗಂಗಾಧರಪ್ಪ ಯಾವ ಕೈಲಿ ಬರೀತಿದ್ದ?"

ಕಲ್ಲೇಶಪ್ಪ ತಲೆ ತಗ್ಗಿಸಿ ಸ್ಪ್ಯಾನರು ಎತ್ತಿಕೊಂಡ. ಅದನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡ.

"ಎಡಗೈ. ಬಿಲ್ಲಿಗೆ ಸೈನು ಹಾಕಿದ್ರೆ ಅಂಗೈಯೆಲ್ಲ ನೀಲಿ. ನಾವು ನಗ್ತಿದ್ವಿ. ಯಾಕೆ ಸ್ವಾಮಿ?"

"ನಿಮಗೇನಾದ್ರೂ ಮನಿಯಾರ್ಡರ್ ಬಂತಾ?"

ಗೂಡ್ಸ್ ಗಾಡಿಯೊಂದು ಷೆಡ್ಡನ್ನು ನಡುಗಿಸುತ್ತ ದಾಟಿಹೋಯಿತು. ಅದರ ಸದ್ದಡಗಿದ ಮೇಲೆ ಕಲ್ಲೇಶಪ್ಪ ಸ್ಪ್ಯಾನರು ಕೆಳಗಿಟ್ಟ. ಆಮೇಲೆ ಎದ್ದು, ಗೋಡೆಗೆ ನೇತುಹಾಕಿದ್ದ ದೇವರ ಪಟದ ಹಿಂದಿನಿಂದ ಒಂದು ತುಂಡು ಕಾಗದ ತೆಗೆದ.

'ಕಾರ್ಬ್ಯುರೇಟರಿನ ಬಾಕಿ ಮೂವತ್ತೈದು. ಬಸ್ಸಿನ ಕೂಲಿ ಆಮೇಲೆ.' ಹೆಸರಿಲ್ಲ. ಹರಿಹರದ ಮುದ್ರೆ, ಅದೇ ಮಾರ್ಚಿ ನಾಲ್ಕು. ಅದೇ ದುಂಡಕ್ಷರ, ಅದೇ ಒರೆಸಿದ ಶಾಯಿ.

"ಆ ಮೂವತ್ತೈದು ಕೈಸಾಲ ಸ್ವಾಮಿ. ಬಿಲ್ಲಲ್ಲಿ ಬರ್ದಿರ್ಲಿಲ್ಲ. ಅವ್ನಿಗೂ ನನಗೂ ಬುಟ್ರೆ ಇನ್ನೊಬ್ರಿಗೆ ಗೊತ್ತಿರ್ಲಿಲ್ಲ."

ಸುಂದರರಾಜ ಚೀಟಿಯನ್ನು ತಿರುಗಿಸಿ ನೋಡಿದ. ಚನ್ನಬಸವಯ್ಯನ ಚೀಟಿಯನ್ನು ಯಾರಾದರೂ ಬರೆಸಿರಬಹುದು. ಇದನ್ನು ಗಂಗಾಧರಪ್ಪನಲ್ಲದೆ ಬೇರೆ ಯಾರೂ ಬರೆಯಲಾರರು.

"ಯಾಕೆ ಮುಚ್ಚಿಟ್ರಿ?"

"ಹಳಿ ಮೇಲೆ ಬಿದ್ದಿದ್ದ ಹೆಣಕ್ಕೆ ಮುಖವೇ ಇರ್ಲಿಲ್ಲ. ಕೋಟು ನೋಡಿ, ಜೇಬಲ್ಲಿದ್ದ ಬಸ್ಸಿನ ಪರ್ಮಿಟ್ಟು ನೋಡಿ, ಇವ್ನೇ ಅಂತ ಪೊಲೀಸರ ಮುಂದೆ ಸೈನು ಹಾಕ್ದೋನು ನಾನು." ಕಲ್ಲೇಶಪ್ಪನ ತುಟಿ ಒಣಗಿತ್ತು. "ಈಗ ಅಲ್ಲ ಅಂದ್ರೆ ಮೊದ್ಲು ನನ್ನನ್ನೇ ಹಾಕ್ತಾರೆ ಒಳಕ್ಕೆ. ಎಂಡ್ರು ಮಕ್ಳು ಅವ್ರೆ ಸ್ವಾಮಿ."

ಆ ಚೀಟಿಯನ್ನು ಸುಂದರರಾಜ ಕೇಳಿ ಇಸಿದುಕೊಂಡ. ಕಲ್ಲೇಶಪ್ಪ ಕೊಡುವಾಗ ಕೈ ಹಿಂದೆಗೆದು, ಆಮೇಲೆ ಕೊಟ್ಟ.

ಮಧ್ಯಾಹ್ನದ ಬಸ್ಸು ಜಾವಗಲ್ಲಿನಲ್ಲಿ ಅರ್ಧ ಗಂಟೆ ನಿಂತಿತು. ಸುಂದರರಾಜನಿಗೆ ಕೂರಲಾಗಲಿಲ್ಲ. ಇಳಿದು ಕಾಫಿ ಕುಡಿದ, ಅರ್ಧಕ್ಕೇ ಬಿಟ್ಟು ಹತ್ತಿದ, ಮತ್ತೆ ಇಳಿದ. ಗಂಗಾಧರಪ್ಪ ಬದುಕಿದ್ದರೆ ಹಳೇಬೀಡಿನಲ್ಲಿ ಹೂತಿರುವುದು ಯಾರನ್ನು? ಅವನ ಕೋಟನ್ನು ಆ ಮೈಗೆ ತೊಡಿಸಿದವರು ಯಾರು? ಸತ್ತವನೆನಿಸಿಕೊಂಡು ತಪ್ಪಿಸಿಕೊಂಡವನು, ತಾನು ಬದುಕಿರುವುದಕ್ಕೆ ಸಾಕ್ಷಿ ಆಗುವಂಥ ಚೀಟಿಯನ್ನು ಬರೆದು, ಸಾಯಲಿದ್ದ ಸಾಲವನ್ನು ತಾನೇ ಯಾಕೆ ಬದುಕಿಸಿದ?

ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು. ಇದನ್ನು ದ್ರಾಕ್ಷಾಯಣಿಗೆ ಹೇಗೆ ಹೇಳುವುದು?

ಹಳೇಬೀಡಿನಲ್ಲಿ ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ಅವಳ ಮನೆ. ಜಗಲಿಯ ಮೇಲೆ ಕೆಂಚಪ್ಪ ಕಾಲು ಚಾಚಿ ಕೂತು ಎಲೆಯಡಿಕೆ ಜಗಿಯುತ್ತಿದ್ದ.

"ಎದ್ದೇಳು," ಎಂದ ಸುಂದರರಾಜ.

"ಯಜಮಾನ್ರು ಯೋಳವ್ರೆ, ಕೂತಿವ್ನಿ."

"ನಿನ್ನ ಯಜಮಾನರನ್ನ ನೋಡಿಕೊಂಡೇ ಬರ್ತಾ ಇದ್ದೀನಿ. ಅರ್ಜಿ ಬರೆದ್ರೆ ಠಾಣೆಗೆ ಹೋಗೋನು ನೀನು, ಅವರಲ್ಲ. ಏಳು."

ಕೆಂಚಪ್ಪ ಗೊಣಗುತ್ತ ಎದ್ದು ರಸ್ತೆಯಾಚೆಯ ಹುಣಸೆಮರದ ಬುಡಕ್ಕೆ ಹೋಗಿ ಕೂತ.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ದ್ರಾಕ್ಷಾಯಣಿ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. ಮೂವತ್ತೆರಡು ಮೂವತ್ತಮೂರರ ಹೆಂಗಸು. ಹಣೆಯಲ್ಲಿ ವಿಭೂತಿ ಮಾತ್ರ, ಕೈ ಬರಿದು.

"ಬನ್ನಿ ಅಣ್ಣಾವ್ರೇ. ಈ ಮಿಷನ್ನನ್ನೂ ಜಪ್ತಿ ಪಟ್ಟೀಲಿ ಬರ್ಕೊಂಡು ಹೋದ್ರು."

"ಅದನ್ನ ತಗೊಂಡು ಹೋಗೋ ಹಾಗಿಲ್ಲಮ್ಮ. ಹೊಟ್ಟೆಪಾಡಿನ ಕಸುಬಿನ ಸಾಮಾನು. ಅಡಿಗೆ ಪಾತ್ರೆನೂ ಮುಟ್ಟೋ ಹಾಗಿಲ್ಲ. ಅದನ್ನ ನಾನು ನೋಡಿಕೊಳ್ತೀನಿ." ಅವನು ಚಾಪೆಯ ಮೇಲೆ ಕೂತ. ಕೂತು ಮಾತು ಹುಡುಕಿದ. "ಮನೆ ವಿಷಯ ಹಾಗಲ್ಲ."

ಕಲ್ಲೇಶಪ್ಪನ ಚೀಟಿಯನ್ನು ಅವಳ ಮುಂದಿಟ್ಟು, ಬೆಳಗಿನಿಂದ ಕಂಡದ್ದನ್ನೆಲ್ಲ ಹೇಳಿದ. ಸೋಮವಾರ ಕೋರ್ಟಿನಲ್ಲಿ ಅವಳಿಗೆ ಇಂಥದೇ ಒಂದು ಚೀಟಿ ತೋರಿಸುತ್ತಾರೆ. ಗಂಡನ ಬರಹ ಅಲ್ಲ ಎಂದರೆ ಸಾಲ ಸತ್ತಿತು, ಮನೆ ಉಳಿಯಿತು, ಗಂಡ ಸತ್ತವನಾಗಿಯೇ ಉಳಿದ. ಹೌದು ಎಂದರೆ ಗಂಡ ಬದುಕಿದ. ಮನೆ ಹೋಯಿತು. ಪೊಲೀಸರು ಸಮಾಧಿ ಅಗೆಯುತ್ತಾರೆ, ಗಂಗಾಧರಪ್ಪನ ಬೆನ್ನು ಹತ್ತುತ್ತಾರೆ.

ಅವಳು ಬೆಚ್ಚಿಬೀಳಬಹುದು, ಅಳಬಹುದು ಎಂದು ಅವನು ಕಾದಿದ್ದ. ದ್ರಾಕ್ಷಾಯಣಿ ಚೀಟಿಯನ್ನು ಕೈಗೆತ್ತಿಕೊಳ್ಳಲೂ ಇಲ್ಲ. ಕೂತಲ್ಲಿಂದಲೇ ಒಮ್ಮೆ ನೋಡಿದಳು.

"ಅವರದೇ," ಎಂದಳು.

"ಸರಿಯಾಗಿ ನೋಡಮ್ಮ."

"ನೋಡೋದೇನೈತೆ? ಹನ್ನೆರಡು ವರ್ಷ ಒಟ್ಟಿಗೆ ಬಾಳಿವ್ನಿ." ಅವಳ ದನಿ ಎಲ್ಲೂ ನಡುಗಲಿಲ್ಲ. "ಅವರು ಬದುಕವ್ರೆ ಅಂತ ನನಗೆ ಎರಡು ವರ್ಷದಿಂದ ಗೊತ್ತು ಅಣ್ಣಾವ್ರೇ."

ಸುಂದರರಾಜ ಚಾಪೆಯ ಮೇಲೆ ಮುಂದಕ್ಕೆ ಜರುಗಿದ.

ಅವಳು ಎದ್ದು, ಯಂತ್ರದ ಖಾನೆಯಿಂದ ದಾರ ಸುತ್ತಿದ ಕಟ್ಟೊಂದನ್ನು ತಂದು ಬಿಚ್ಚಿದಳು. ಮನಿಯಾರ್ಡರ್ ಕೂಪನ್ನುಗಳು. ಒಂದಲ್ಲ, ಎರಡಲ್ಲ.

"ಮಣ್ಣು ಮಾಡಿ ಮೂರು ತಿಂಗಳಾಗಿತ್ತು. ಶಿವರಾತ್ರಿ ಹಿಂದಿನ ದಿನ ಹದಿನೈದು ರೂಪಾಯಿ ಬಂತು. ಕಳಿಸ್ದೋರ ಹೆಸರು ರೇವಣಸಿದ್ದಪ್ಪ, ಹರಿಹರ. ನಿಮ್ಮಣ್ಣನೇನಮ್ಮ ಅಂತ ಅಂಚೆಯೋರು ಕೇಳಿದ್ರು. ಹೂಂ ಅಂದೆ. ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಬರಹ ನೋಡಿದ ತಕ್ಷಣ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತೆ. ಸಂತೋಷಕ್ಕೋ ಸಂಕಟಕ್ಕೋ ಗೊತ್ತಿಲ್ಲ. ಆಮೇಲಿಂದ ತಿಂಗಳು ತಿಂಗಳು ಬರ್ತಾ ಐತೆ. ಬಾ ಅಂತಿಲ್ಲ, ಬತ್ತೀನಿ ಅಂತಿಲ್ಲ. ಕ್ಷೇಮ ಅಂತ ಒಂದೇ ಮಾತು."

"ಎರಡು ವರ್ಷ ವಿಧವೆ ಹಾಗೆ..."

"ಅವರು ಸತ್ತವರ ಹಾಗಿರಬೇಕು ಅಂದ್ರೆ ನಾನು ಹಿಂಗಿರಲೇಬೇಕಲ್ಲ. ಏನೋ ಹೆದರಿಕೆ ಇರ್ಬೇಕು, ಇಲ್ದಿದ್ರೆ ಮನೆ ಬಿಟ್ಟು ಹೋಗೋ ಮನುಷ್ಯ ಅಲ್ಲ." ಅವಳು ಕಿಟಕಿಯಾಚೆ ನೋಡಿದಳು. ಹಿತ್ತಲಿನ ತೆಂಗಿನ ಮರಗಳ ಸಾಲಿನ ಕೊನೆಗೆ ಸುಣ್ಣ ಬಳಿದ ಸಮಾಧಿ ಕಾಣುತ್ತಿತ್ತು. "ಪ್ರತಿ ಸೋಮವಾರ ಅದಕ್ಕೆ ನೀರು ಹಾಕಿ ಪತ್ರೆ ಇಡ್ತೀನಿ. ಯಾರ ಮನೆ ಮಗನೋ. ಅವನ ತಾಯಿ ಎಲ್ಲಿ ದಾರಿ ಕಾಯ್ತಾ ಅವ್ಳೋ."

ಸುಂದರರಾಜ ಕಟ್ಟನ್ನು ಹತ್ತಿರ ಎಳೆದುಕೊಂಡ. ಕೂಪನ್ನುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ದುಂಡಕ್ಷರ. ಉಜ್ಜಿದ ಶಾಯಿ. ಕ್ಷೇಮ. ಕ್ಷೇಮ. ಕ್ಷೇಮ.

"ಸೋಮವಾರ ಏನು ಹೇಳ್ತೀಯಮ್ಮ?"

"ಅವರದೇ ಅಂತೀನಿ."

"ಮನೆ ಹೋಗುತ್ತೆ."

"ಹೋಗ್ಲಿ. ಸಾಲ ನಿಜ ತಾನೆ? ಬಸ್ಸಿಗೆ ಅಂತ ಈಸ್ಕೊಂಡಿದ್ದು ನಾನೇ ನೋಡಿವ್ನಿ. ಮೊನ್ನೇದು ನಡೀದೆ ಇದ್ದಿದ್ರೆ ಇಲ್ಲ ಅಂತಾನೇ ಹೇಳ್ತಿದ್ದೆ. ಅವರು ಸುಖವಾಗಿರ್ಲಿ, ಸತ್ತವರಾಗೇ ಇರ್ಲಿ ಅಂತ." ಅವಳು ಮೊದಲ ಬಾರಿಗೆ ಉಗುಳು ನುಂಗಿದಳು. "ಈಗ ಪೊಲೀಸರು ಅವರನ್ನ ಹುಡುಕಲೇಬೇಕು ಅಣ್ಣಾವ್ರೇ. ಅದಕ್ಕೇ ಹೌದು ಅಂತೀನಿ."

"ಯಾಕೆ? ಮೊನ್ನೆ ಏನಾಯ್ತು?"

ದ್ರಾಕ್ಷಾಯಣಿ ಕಟ್ಟಿನ ತಳದಿಂದ ನಾಲ್ಕು ಕೂಪನ್ನುಗಳನ್ನು ಬೇರೆ ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟಳು.

"ಅವು ಇಪ್ಪತ್ತೊಂದು ಅವರವು. ಈ ನಾಲ್ಕು ಅಲ್ಲ. ಹೋದ ಕಾರ್ತೀಕದಿಂದ ಬೇರೆ ಯಾರೋ ಅವರ ಹಾಗೆ ಬರೆದು ಕಳಿಸ್ತಾ ಅವ್ರೆ. ಮೊದಲ ಮೂರರಲ್ಲಿ ದುಡ್ಡು ಅಷ್ಟೇ, ಹೆಸರು ಅದೇ, ಕ್ಷೇಮ ಅನ್ನೋದೂ ಅದೇ. ಬೇರೆಯೋರಿಗೆ ಗೊತ್ತಾಗಲ್ಲ. ಅವರೇ ಬರೆಯೋದು ಬಿಟ್ರೋ, ಯಾರಾದ್ರೂ ಬಿಡಿಸಿದ್ರೋ ಅಂತ ನಾಲ್ಕು ತಿಂಗಳಿಂದ ಕಣ್ಣಿಗೆ ನಿದ್ದೆ ಇಲ್ಲ."

ಸುಂದರರಾಜ ನಾಲ್ಕನ್ನೂ ಕಿಟಕಿಯ ಬೆಳಕಿಗೆ ಹಿಡಿದ. ಶಾಯಿ ಎಲ್ಲೂ ಒರೆಸಿಕೊಂಡಿರಲಿಲ್ಲ. ಬಲಗೈ ಮನುಷ್ಯ.

"ಕೊನೇದು ಮೊನ್ನೆ ಬಂತು. ಓದಿ."

ಅದರಲ್ಲಿ ಕ್ಷೇಮ ಎಂಬ ಮಾತಿರಲಿಲ್ಲ.

'ಕೋರ್ಟಿನಲ್ಲಿ ಹರಿಹರದ ಚೀಟಿ ತೋರಿಸುತ್ತಾರೆ. ನನ್ನ ಬರಹ ಅಲ್ಲ ಎನ್ನು. ಮನೆ ಉಳಿಯುತ್ತದೆ.'

ಸುಂದರರಾಜ ಎದ್ದು ನಿಂತ. ಹರಿಹರದ ಚೀಟಿ ಒಂದಿದೆ ಎಂದು ತನಗೇ ಗೊತ್ತಾದದ್ದು ಇವತ್ತು ಬೆಳಿಗ್ಗೆ. ಅದನ್ನು ನೋಡಿದವರು ಲೋಕದಲ್ಲಿ ಮೂರೇ ಜನ. ಆ ಚೀಟಿ ಸುಳ್ಳೆಂದು ನಿಂತರೆ ಚನ್ನಬಸವಯ್ಯನಿಗೆ ಆರು ಸಾವಿರ ನಷ್ಟ. ಹಾಗಿದ್ದರೆ ಗಂಗಾಧರಪ್ಪ ಸತ್ತವನಾಗಿಯೇ ಉಳಿಯಬೇಕೆಂದು ಇಷ್ಟು ಆತುರಪಡುತ್ತಿರುವವನು ಯಾರು?

"ಎಷ್ಟು ಬಂತಮ್ಮ ಇದರ ಜೊತೆ? ಹದಿನೈದೇನಾ?"

"ಮುನ್ನೂರು," ಎಂದಳು ದ್ರಾಕ್ಷಾಯಣಿ. "ಮುದ್ರೆ ನೋಡಿ ಅಣ್ಣಾವ್ರೇ. ಇದೊಂದು ಮಾತ್ರ ಹರಿಹರದ್ದಲ್ಲ."

ಅವನು ಕನ್ನಡಕವನ್ನು ಹಣೆಗೇರಿಸಿ ಕೂಪನ್ನನ್ನು ಕಣ್ಣಿಗೆ ಹತ್ತಿರ ಹಿಡಿದ. ಕಪ್ಪು ವೃತ್ತದೊಳಗಿನ ಅಕ್ಷರಗಳು ಅರ್ಧ ಮೂಡಿ, ಅರ್ಧ ಅಳಿಸಿದ್ದವು. ಆದರೂ ಓದಲು ಬರುತ್ತಿತ್ತು.

ಹಾಸನ. ಕೋರ್ಟು ಆವರಣದ ಅಂಚೆ ಕಚೇರಿ.

ಅದು ಸುಂದರರಾಜ ಕೆಲಸ ಮಾಡುವ ವಕೀಲರ ಕೋಣೆಯಿಂದ ಹದಿನೈದು ಹೆಜ್ಜೆ.